ವಾರಕ್ಕೊಂದು ಬಕೆಟ್ ನೀರು

ಗಡಿಯಾರ ರಿಪೇರಿಯವನಿಗೆ ಹುಟ್ಟಾ ಶತ್ರುಗಳು ಎರಡು: ಧೂಳು ಮತ್ತು ನೀರು. ನಮ್ಮ ಈ ಮಹಾಶಯ ಧೂಳಿಗೆ ಎಷ್ಟು ಹೆದರುತ್ತಿದ್ದನೆಂದರೆ, ನೀರಿಗೆ ಹೆದರಲು ಅವನಲ್ಲಿ ಹೆದರಿಕೆಯೇ ಉಳಿದಿರಲಿಲ್ಲ. ಪೇಟೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಂಥ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಕೂತಿದ್ದಾನೆ. ಅಲ್ಲಿ ಫ್ಯಾನಿಲ್ಲ, ಗಾಳಿ ಬಂದರೆ ಧೂಳೂ ಬರುತ್ತದೆ. ಬಿಚ್ಚಿಟ್ಟ ಗಡಿಯಾರಗಳ ಮೇಲೆ ಗಾಜಿನ ಬಟ್ಟಲು ಬೋರಲು ಹಾಕಿರುತ್ತಾನೆ. ಗಿರಾಕಿ ಬಗ್ಗಿ ನೋಡಹೋದರೆ "ಉಸಿರು ಬಿಡಬೇಡಿ, ಉಸಿರು ಬಿಡಬೇಡಿ" ಎಂದು ಗದರುತ್ತಾನೆ. ಬೀದಿಯವರು ಅವನಿಗೆ 'ಉಸಿರುಬಿಡಬೇಡಿ ಮಾಮ' ಎಂದೇ ಹೆಸರಿಟ್ಟಿದ್ದರು. ಹಿಂದಿನಿಂದ ಅನ್ನುತ್ತಿದ್ದರು ಅಷ್ಟೆ. ಎದುರಿಗೆ ಅಂದರೆ ಗಡಿಯಾರ ವಾಪಸು ಬರುವುದು ಇನ್ನೊಂದು ವಾರ ತಡವಾಗುತ್ತಿತ್ತು.

ಮನೆಯಲ್ಲಿ ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದಾಗ ಅವನಿಗಿನ್ನೂ ಆರು ವರ್ಷ. ಅವತ್ತಿನಿಂದ ಅವನ ಅಂಗಿಗೆ ಗುಂಡಿ ಹಾಕಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟವಳು, ಹತ್ತನೆಯ ಕ್ಲಾಸಿನಲ್ಲಿ ಡುಮ್ಕಿ ಹೊಡೆದಾಗ ಕೈಹಿಡಿದು ಗಡಿಯಾರದ ಮೇಸ್ತ್ರಿಯ ಬಳಿ ಬಿಟ್ಟುಬಂದವಳು, ಎಲ್ಲ ಅವಳೇ. ಇಬ್ಬರಿಗೂ ಮದುವೆಯಾಗಲಿಲ್ಲ. ಯಾರು ಯಾರಿಗೋಸ್ಕರ ಉಳಿದರೋ, ಇಬ್ಬರೂ ಬಾಯಿಬಿಟ್ಟು ಕೇಳಿಕೊಂಡವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಅವಳು ಮೂವತ್ತು ವರ್ಷ ದುಡಿದಳು. ಒಳಗೆ ಏನೇ ಆಗುತ್ತಿರಲಿ, ದನಿ ಮಾತ್ರ ಒಂದೇ ಸಮ ಇರಬೇಕು ಎಂಬುದು ಅಲ್ಲಿ ಕಲಿತ ವಿದ್ಯೆ. ಅದನ್ನು ಅವಳು ಮನೆಗೂ ತಂದಿದ್ದಳು.

ನಿವೃತ್ತಿಯಾದ ದಿನ ಸಹೋದ್ಯೋಗಿಗಳೆಲ್ಲ ಸೇರಿ ಅವಳಿಗೆ ನಾಲ್ಕಡಿ ಉದ್ದದ ಮೀನಿನ ತೊಟ್ಟಿ ಕೊಟ್ಟರು. ಗಾಜಿನ ತೊಟ್ಟಿ, ಮೇಲೆ ಗಾಜಿನದೇ ಮುಚ್ಚಳ, ಒಳಗೆ ಏಳು ಕಿತ್ತಳೆ ಮೀನು. ಅದನ್ನು ನಡುಮನೆಯ ಹೊರಗೋಡೆಗೆ ಒತ್ತಿ, ಬಟ್ಟೆಯ ಬೀರುವಿನ ಪಕ್ಕ ಇಟ್ಟರು. ಮೀನುಗಳಲ್ಲಿ ದಪ್ಪನೆಯದೊಂದು ದಿನಾ ಬೆಳಗ್ಗೆ ಗಾಜಿನ ಬಳಿ ಬಂದು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋಗುತ್ತಿತ್ತು. ಅದನ್ನು ಅವಳು 'ಸೂಪರ್‌ವೈಸರ್' ಎಂದು ಕರೆದಳು. "ಮೂವತ್ತು ವರ್ಷ ಅವರ ಕೈಕೆಳಗೆ ಇದ್ದೆ ಕಣೋ, ಈಗ ಇವರೇ ನನ್ನ ಕೈಯಲ್ಲಿ ಊಟ ಮಾಡ್ತಿದ್ದಾರೆ" ಎಂದು ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ಅವನು ಅದಕ್ಕೆ ಮುಂಚೆ ಹೆಚ್ಚು ನೋಡಿರಲಿಲ್ಲ.

ತೊಟ್ಟಿಯ ಮುಚ್ಚಳಕ್ಕೆ ಒಳಗಿನಿಂದ ಹಬೆ ಕಟ್ಟುತ್ತಿತ್ತು. ಮಬ್ಬಾದ ಗಾಜು ಕಂಡರೆ ಅವನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತದೆ. ಒಂದು ವಾರ ಒರೆಸಿ ಒರೆಸಿ ಸಾಕಾಗಿ, ಮುಚ್ಚಳವನ್ನೇ ತೆಗೆದು ಮಂಚದ ಕೆಳಗೆ ಹಾಕಿದ. ತೊಟ್ಟಿಯ ನೀರು ಇಳಿಯತೊಡಗಿತು. ಪ್ರತಿ ಭಾನುವಾರ ಒಂದು ಬಕೆಟ್ ನೀರು ಹಾಕಿದರೆ ಮೊದಲಿನ ಮಟ್ಟಕ್ಕೆ ಬರುತ್ತಿತ್ತು. ಹಾಕುತ್ತಿದ್ದ.

ಅದಾಗಿ ಸ್ವಲ್ಪ ದಿನಕ್ಕೆ ಮನೆಯ ಮುಂದಿನ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಲಾರಿ, ಜಲ್ಲಿ, ಮಣ್ಣು. ಎರಡನೆಯ ಮಹಡಿಯ ಇವರ ಮನೆಯ ತನಕ ಧೂಳು. ಅದೇ ತಿಂಗಳು ಅಕ್ಕನಿಗೆ ಕೆಮ್ಮು ಹತ್ತಿತು. ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಂಗಡಿಗೆ ಎರಡು ದಿನ ಬೀಗ ಹಾಕಿ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ. ಮುಚ್ಚಿದ ಅಂದರೆ ನೀವು ನಾವು ಮುಚ್ಚುವ ಹಾಗಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಚೌಕಟ್ಟಿನ ಬಿರುಕುಗಳನ್ನು ಹುಡುಕಿ, ಅಂಟು ತುಂಬಿ, ಮೇಲೆ ಮೂರು ಪದರ ಟೇಪು ಸುತ್ತಿದ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆದ. ಸ್ನಾನದ ಮನೆಯ ಗಾಳಿಗಂಡಿಯನ್ನೂ ಬಿಡಲಿಲ್ಲ. ಮುಗಿದ ಮೇಲೆ ಬಿಳಿ ಕರವಸ್ತ್ರದಿಂದ ಬೀರುವಿನ ನೆತ್ತಿ ಒರೆಸಿ, ಅಕ್ಕನ ಮುಂದೆ ಹಿಡಿದ. ಒಂದು ಕಲೆ ಇರಲಿಲ್ಲ.

"ನೋಡು, ಇನ್ನು ಆರಾಮ" ಎಂದ.

"ಹೌದು ಕಣೋ, ಈಗ ಆರಾಮ" ಎಂದಳು ಅಕ್ಕ.

ಕೆಮ್ಮು ಹೋಗಲಿಲ್ಲ. ಎದೆಯಲ್ಲಿ ಸುಂಯ್‌ಗುಡುವುದೂ ಸೇರಿಕೊಂಡಿತು. ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ನೋಡಿ ಇನ್‌ಹೇಲರ್ ಬರೆದುಕೊಟ್ಟರು. "ಮನೇಲಿ ತೇವ, ಬೂಷ್ಟು ಏನಾದ್ರೂ ಇದೆಯಾ?" ಎಂದು ಕೇಳಿದರು.

"ನಮ್ಮನೇಲಾ? ಒಂದು ಕಣ ಧೂಳು ಹುಡುಕಿ ಕೊಡಿ ಡಾಕ್ಟ್ರೇ, ನಾನು ಈ ಕೆಲಸ ಬಿಟ್ಬಿಡ್ತೀನಿ" ಎಂದ ಇವನು, ಎದೆಯುಬ್ಬಿಸಿ.

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಹೊರಗೆ ಸಾಲು ಉದ್ದ ಇತ್ತು, ಡಾಕ್ಟರಮ್ಮ ಮುಂದಿನವರನ್ನು ಕರೆದರು.

ಆಮೇಲಿನ ತಿಂಗಳುಗಳಲ್ಲಿ ಅವನಿಗೆ ಒಂದು ಭಯ ಹತ್ತಿಕೊಂಡಿತು. ಮಧ್ಯಾಹ್ನ ಊಟಕ್ಕೆ ಬಂದವನು ಬಾಗಿಲು ತೆಗೆಯುವ ಮೊದಲು ಹೊರಗೇ ನಿಂತು ಆಲಿಸುತ್ತಿದ್ದ. ಒಳಗೆ ಪಾತ್ರೆಯ ಸದ್ದು ಕೇಳಿದರೆ ಜೀವ ಬರುತ್ತಿತ್ತು. ಕೇಳದಿದ್ದರೆ ಬೀಗದ ಕೈ ತೂತಿಗೆ ಸಿಗುತ್ತಿರಲಿಲ್ಲ. ಅಕ್ಕ ಇಲ್ಲದ ಮನೆ ಹೇಗಿರುತ್ತದೆ ಎಂದು ಒಂದೇ ಒಂದು ಸಲ ಯೋಚಿಸಿದ. ಮತ್ತೆ ಆ ದಿಕ್ಕಿಗೆ ಮನಸ್ಸನ್ನು ಹೋಗಗೊಡಲಿಲ್ಲ. ಅದರ ಬದಲು ಇನ್ನೊಂದು ಸುತ್ತು ಟೇಪು ಸುತ್ತಿದ.

"ಉಸಿರು ಹೇಗಿದೆ ಅಕ್ಕ?"

"ಚೆನ್ನಾಗಿದೆ ಕಣೋ. ನೀನು ಹೋಗು, ಗಿರಾಕಿ ಕಾಯ್ತಿರ್ತಾರೆ."

ಅವಳ ಮಾತು ಈಚೆಗೆ ತುಂಡು ತುಂಡಾಗಿತ್ತು. ದನಿ ಮಾತ್ರ ಒಂದೇ ಸಮ. ಗೋಡೆ ಗಡಿಯಾರದ ಮಿಡಿತ ಕೇಳಿಯೇ ಯಾವ ಚಕ್ರದ ಹಲ್ಲು ಸವೆದಿದೆ ಎಂದು ಹೇಳುವ ಮನುಷ್ಯನಿಗೆ ಅಕ್ಕನ ಮಾತು ಯಾಕೆ ತುಂಡಾಗಿದೆ ಎಂದು ಹೊಳೆಯಲಿಲ್ಲ. ಏನು ಹೇಳುವುದು ಇಂಥವರಿಗೆ?

ಹೀಗೇ ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು. ಇವನು ತೊಟ್ಟಿಗೆ ಬಕೆಟ್ ನೀರು ಸುರಿಯುವಾಗ ಎರಡು ಸ್ಕ್ರೂಗಳನ್ನು ಕಟ್ಟಿಟ್ಟಿದ್ದ ಪೊಟ್ಟಣ ಜೇಬಿನಿಂದ ಜಾರಿ ಬೀರುವಿನ ಹಿಂದೆ ಬಿತ್ತು. ಸ್ಕ್ರೂ ಬಿದ್ದರೆ ಬಿಡುವ ಆಸಾಮಿಯಲ್ಲ. ಬೀರುವನ್ನು ಮೆಲ್ಲಗೆ ಎಳೆದ. ಹಳೆಯ ಒದ್ದೆ ಗೋಣಿಚೀಲದಂಥ ವಾಸನೆ ಮುಖಕ್ಕೆ ಹೊಡೆಯಿತು. ಟಾರ್ಚ್ ಬಿಟ್ಟ. ಗೋಡೆಯ ಮೇಲೆ ನೆಲದಿಂದ ಸೊಂಟದೆತ್ತರಕ್ಕೆ, ತೊಟ್ಟಿಯ ಹಿಂಭಾಗದವರೆಗೂ ಕಪ್ಪು ಹಸಿರು ಬೂಷ್ಟು ಹಬ್ಬಿತ್ತು. ಬೀರುವಿನ ಹಿಂಬದಿಯ ಹಲಗೆಗೂ ಹತ್ತಿತ್ತು, ಬಾಗಿಲು ತೆಗೆದು ನೋಡಿದರೆ ಒಳಗೆ ಮಡಿಸಿಟ್ಟ ಅಕ್ಕನ ಶಾಲಿನ ಅಂಚಿಗೂ ಬಂದಿತ್ತು. ಆ ಶಾಲನ್ನು ಅವಳು ದಿನಾ ಹೊದೆಯುತ್ತಿದ್ದಳು.

ಡಾಕ್ಟರಮ್ಮ ಕೇಳಿದ ಪ್ರಶ್ನೆ ಆಗ ಅವನಿಗೆ ಸರಿಯಾಗಿ ಕೇಳಿಸಿತು.

ಬೇರೆ ಯಾರಾದರೂ ಆಗಿದ್ದರೆ ಸೋಪಿನ ನೀರು, ಒದ್ದೆ ಬಟ್ಟೆ ಹುಡುಕುತ್ತಿದ್ದರು. ಇವನು ಗಡಿಯಾರದವನು. ಕೊಳೆಯ ಹತ್ತಿರ ನೀರು ತರಕೂಡದು ಎಂದು ಮೇಸ್ತ್ರಿ ಮೊದಲ ದಿನವೇ ತಲೆಗೆ ಮೊಟಕಿ ಕಲಿಸಿದ್ದರು. ಒಣ ಕುಂಚದಿಂದ ಬಿಡಿಸು, ಊದಿ ಹಾರಿಸು. ಅಕ್ಕ ಏಳುವುದರೊಳಗೆ ಮುಗಿಸಿಬಿಡಬೇಕು, ಅವಳು ಇದನ್ನು ನೋಡಕೂಡದು ಎಂಬ ಗಾಬರಿಯಲ್ಲಿ ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತ. ಕುಂಚದಿಂದ ಗೀರುವುದು, ಕೈಯಲ್ಲಿ ಹಿಸುಕಿದರೆ ಗಾಳಿಯೂದುವ ರಬ್ಬರ್ ಉಂಡೆಯಿಂದ ಹಾರಿಸುವುದು. ಗೀರಿ, ಹಾರಿಸಿ, ಗೀರಿ, ಹಾರಿಸಿ, ಮುಕ್ಕಾಲು ಗಂಟೆ ಕೆಲಸ ಮಾಡಿದ. ಗೋಡೆ ಬೆಳ್ಳಗಾಗುತ್ತ ಬಂತು. ಹಾರಿದ್ದು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಒಂದು ಕೂದಲೆಳೆಯಷ್ಟು ಸಂದಿಯನ್ನೂ ಅವನು ಉಳಿಸಿರಲಿಲ್ಲ.

ಒಳಕೋಣೆಯ ಬಾಗಿಲು ತೆರೆಯಿತು. ಅಕ್ಕ ಚೌಕಟ್ಟು ಹಿಡಿದು ನಿಂತಿದ್ದಳು. ಭುಜ ಕಿವಿಯ ತನಕ ಏರಿತ್ತು, ತುಟಿಯ ಬಣ್ಣ ಹೋಗಿತ್ತು.

"ಏನೋ... ಅದು..." ಎಂದಳು. ಮುಂದಿನ ಶಬ್ದ ಬರಲಿಲ್ಲ. ಮೊದಲ ಸಲ ಆ ದನಿ ಒಡೆದಿತ್ತು.

ಇನ್‌ಹೇಲರ್ ತಂದು ಬಾಯಿಗಿಟ್ಟ. ಒಂದು ಸಲ, ಎರಡು ಸಲ, ನಾಲ್ಕು ಸಲ. ಅವಳು ಎಳೆದುಕೊಳ್ಳಲು ನೋಡುತ್ತಿದ್ದಳು, ಒಳಗೆ ಹೋಗುತ್ತಿರಲಿಲ್ಲ. ಕಿಟಕಿಗೆ ಓಡಿದ. ಟೇಪು ಉಗುರಿಗೆ ಸಿಗಲಿಲ್ಲ, ಸಿಕ್ಕಿದ್ದು ಹರಿಯಲಿಲ್ಲ, ಹರಿದಲ್ಲಿ ಕೆಳಗೆ ಇನ್ನೊಂದು ಪದರ, ಅದರ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಅಂಟು. ಎಲ್ಲ ಅವನದೇ ಕೈಕೆಲಸ, ಅಚ್ಚುಕಟ್ಟು. ಹಿಂದೆ ಅಕ್ಕ ಮಂಡಿಯೂರಿ ಕುಸಿದ ಸದ್ದು ಕೇಳಿತು. ಖಾಲಿ ಬಕೆಟ್ ಎತ್ತಿ ಕಿಟಕಿಯ ಗಾಜಿಗೆ ಬಡಿದ. ಗಾಜು ಒಡೆಯಿತು. ಅಷ್ಟಕ್ಕೆ ನಿಲ್ಲದೆ ಅವಳನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಬಂದು "ಯಾರಾದ್ರೂ ಬನ್ನಿ!" ಎಂದು ಕೂಗಿದ. ಅವಳು ಎಷ್ಟು ಹಗುರವಾಗಿದ್ದಳೆಂದರೆ ಅವನಿಗೆ ಅಳು ಬಂತು.

ಕೆಳಗಿನ ಮನೆಯ ಟೈಲರಮ್ಮ ಆಂಬುಲೆನ್ಸಿಗೆ ಫೋನ್ ಮಾಡಿಯೇ ಮೇಲೆ ಬಂದಳು. ಅಕ್ಕನನ್ನು ನೋಡಿದವಳೇ ಅವಳ ಮೈ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿಸಿ ಕೂರಿಸಿದಳು. ಕೈ ಅಷ್ಟು ಪಳಗಿತ್ತು.

"ಹೀಗೆ ಕೂತ್ರೇನೇ ಇವರಿಗೆ ಸ್ವಲ್ಪ ಉಸಿರಾಡೋಕೆ ಆಗೋದು ಅಣ್ಣ" ಎಂದಳು.

"ನಿಮಗೆ ಹೇಗೆ ಗೊತ್ತು?"

"ಅಯ್ಯೋ, ದಿನಾ ಇಲ್ಲೇ ಕೂತ್ಕೋತಾರಲ್ಲ. ನೀವು ಅಂಗಡಿಗೆ ಹೋದ ಮೇಲೆ ಬರ್ತಾರೆ, ನೀವು ಊಟಕ್ಕೆ ಬರೋ ಹೊತ್ತಿಗೆ ಎದ್ದು ಒಳಗೆ ಹೋಗ್ತಾರೆ. ಒಳಗೆ ಉಸಿರು ಕಟ್ಟುತ್ತೆ ಅಂತಿದ್ರು. ಒಂದು ವರ್ಷದ ಮೇಲಾಯ್ತು. ನಿಮಗೆ ಹೇಳಿಲ್ವಾ?"

ಅವನು ಅಕ್ಕನ ಮುಖ ನೋಡಿದ. ಅಷ್ಟು ಸಂಕಟದಲ್ಲೂ ಅವಳು ಟೈಲರಮ್ಮನಿಗೆ ಸುಮ್ಮನಿರೆಂದು ಕಣ್ಣಲ್ಲೇ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದರು. ಎಂಬತ್ತೆರಡು ಎಂದು ಬಂತು. ಆ ಅಂಕಿಗೆ ಏನರ್ಥ ಎಂದು ಅವನಿಗೆ ಗೊತ್ತಿರಲಿಲ್ಲ, ನರ್ಸ್ ಓಡಿದ್ದು ನೋಡಿ ಗೊತ್ತಾಯಿತು. ಪರದೆ ಎಳೆದರು. ಪರದೆಯ ಈಚೆ ಕುರ್ಚಿಯಲ್ಲಿ ಅವನು ಎರಡು ಗಂಟೆ ಕೂತ. ಹರಕೆ ಹೊರಲೂ ತಿಳಿಯಲಿಲ್ಲ, 'ಅಕ್ಕ, ಅಕ್ಕ' ಎನ್ನುವುದಷ್ಟೇ ಬಂತು. ಉಗುರಿನ ಸಂದಿಯಲ್ಲಿ ಕಪ್ಪು ಹಸಿರು ಪುಡಿ ಇನ್ನೂ ಇತ್ತು. ತನ್ನ ಕೈಯಾರೆ ಅವಳ ಎದೆಗೆ ಅದನ್ನು ಊದಿದೆನಲ್ಲ ಎಂದು ತಲೆ ತಲೆ ಚಚ್ಚಿಕೊಂಡ. ಸಂಜೆ ಐದರ ಹೊತ್ತಿಗೆ ಅಂಕಿ ತೊಂಬತ್ತೆರಡಾಯಿತು. ಡಾಕ್ಟರಮ್ಮ ಬಂದು, "ಇನ್ನೊಂದು ಸಲ ಹೀಗಾದ್ರೆ ನಾನು ಏನೂ ಹೇಳೋಕಾಗಲ್ಲ" ಎಂದಷ್ಟೇ ಹೇಳಿ ಹೋದರು.

ಅಕ್ಕ ಆಸ್ಪತ್ರೆಯಲ್ಲಿದ್ದ ಐದು ದಿನವೂ ಅವನು ಅಂಗಡಿ ತೆರೆಯಲಿಲ್ಲ. ತೊಟ್ಟಿ ಸೋರುತ್ತಿರಬೇಕು ಎಂದು ಸಾಕುಮೀನಿನ ಅಂಗಡಿಯವನನ್ನು ಮನೆಗೆ ಕರೆತಂದ. ಬಂದವನು ಗೋಡೆ ನೋಡಲಿಲ್ಲ, ತೊಟ್ಟಿ ನೋಡಿದ.

"ಮುಚ್ಚಳ ಎಲ್ಲಿ ಸಾರ್? ವಾರಕ್ಕೆ ಎಷ್ಟು ನೀರು ತುಂಬಿಸ್ತೀರಿ?"

"ಒಂದು ಬಕೆಟ್."

"ಆ ಒಂದು ಬಕೆಟ್ ಎಲ್ಲಿಗೆ ಹೋಗ್ತಿತ್ತು ಅಂದ್ಕೊಂಡಿದ್ರಿ? ಮೀನು ಕುಡೀತು ಅಂತಲಾ?"

ಎರಡು ವರ್ಷಕ್ಕೆ ನೂರು ಬಕೆಟ್. ಅಷ್ಟೂ ನೀರು ಆ ಮುಚ್ಚಿದ ಮನೆಯ ಗಾಳಿಯಲ್ಲಿ, ಗೋಡೆಯಲ್ಲಿ, ಹಾಸಿಗೆಯಲ್ಲಿ ಕೂತಿತ್ತು. ಅಕ್ಕ ಅದನ್ನು ಉಸಿರಾಡಿದ್ದಳು. ಇವನು ಟೇಪುಗಳನ್ನೆಲ್ಲ ಬ್ಲೇಡಿನಿಂದ ಕೊಯ್ದು ತೆಗೆದ. ಮುಚ್ಚಳ ಹಾಕಿ, ತೊಟ್ಟಿಯನ್ನು ಗೋಡೆಯಿಂದ ದೂರಕ್ಕೆ ಸರಿಸಿದ. ಬೀರು, ಶಾಲು ಎಸೆದ. ಕಿಟಕಿ ತೆರೆದಿಟ್ಟು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಗೋಡೆ ಒರೆಸಿ, ಒರೆಸಿದ ಬಟ್ಟೆಗಳನ್ನು ಚೀಲದಲ್ಲಿ ಕಟ್ಟಿ ಬಿಸಾಕಿದ. ಗಾಳಿಯ ತೇವ ಅಳೆಯುವ ಪುಟ್ಟ ಮೀಟರು ತಂದು ಮೇಜಿನ ಮೇಲಿಟ್ಟ. ಐವತ್ತರ ಆಸುಪಾಸು ಇರಬೇಕು, ಅರವತ್ತು ದಾಟಕೂಡದು ಎಂದು ಡಾಕ್ಟರಮ್ಮ ಹೇಳಿದ್ದರು. ಎಪ್ಪತ್ತೆಂಟು ಇತ್ತು. ಅಕ್ಕ ಮನೆಗೆ ಬರುವ ಹೊತ್ತಿಗೆ ಐವತ್ತೇಳಕ್ಕೆ ಇಳಿಯಿತು.

ಬಂದವಳು ತೊಟ್ಟಿಯ ಮುಂದೆ ಕೂತಳು. ಸೂಪರ್‌ವೈಸರ್ ಬಂದು ಮೇಲಿಂದ ಕೆಳಗೆ ನೋಡಿ ಹೋದರು. "ರಜೆ ಹಾಕಿದ್ದೆ ಸಾರ್" ಎಂದಳು. ಇವನು ನಕ್ಕ. ಅವಳಿಗೆ ಇದೊಂದನ್ನಾದರೂ ಉಳಿಸಿಕೊಡೋಣ ಎನ್ನಿಸಿತು.

ಎಂಟು ದಿನ ಸರಿಯಾಗಿತ್ತು. ಒಂಬತ್ತನೆಯ ಬೆಳಗ್ಗೆ ಮೋಡ ಕವಿದಿತ್ತು, ಮೀಟರು ಅರವತ್ತಮೂರು ತೋರಿಸುತ್ತಿತ್ತು.

"ಉಸಿರು ಹೇಗಿದೆ ಅಕ್ಕ?"

"ಚೆನ್ನಾಗಿದೆ."

ಅದೇ ಸಮನಾದ ದನಿ. ಆ ದನಿ ಇನ್ನೂ ಎಷ್ಟು ದಿನ ತನ್ನನ್ನು ಅಂಗಡಿಗೆ ಕಳಿಸೀತು, ಯಾವ ದಿನ ಊಟಕ್ಕೆ ಬಂದಾಗ ಒಳಗೆ ಸದ್ದೇ ಇಲ್ಲದೆ ಹೋದೀತು? ಚಪ್ಪಲಿ ಬಿಟ್ಟು ವಾಪಸು ಬಂದು ಅವಳ ಎದುರು ನೆಲದ ಮೇಲೆ ಕೂತ.

"ಯಾಕೆ ಹೇಳ್ಲಿಲ್ಲ ಅಕ್ಕ? ಒಂದು ವರ್ಷ ಮೆಟ್ಟಿಲ ಮೇಲೆ ಕೂತಿದ್ದೆಯಲ್ಲ, ಯಾಕೆ ನನಗೆ ಹೇಳ್ಲಿಲ್ಲ?"

ಅವಳು ಸೆರಗಿನ ತುದಿ ಮಡಿಸಿದಳು, ಬಿಡಿಸಿದಳು. "ಎರಡು ದಿನ ಅಂಗಡಿ ಮುಚ್ಚಿ, ಕೈಯೆಲ್ಲ ಕೊಯ್ದುಕೊಂಡು ನನಗೋಸ್ಕರ ಅಷ್ಟು ಮಾಡಿದ್ದೆ. ಅದರಿಂದಲೇ ಕಷ್ಟ ಆಗ್ತಿದೆ ಅಂತ ಯಾವ ಬಾಯಲ್ಲಿ ಹೇಳ್ಲೋ? ಹೇಳಿದ್ರೆ ನೀನು ಹೆದರ್ತಿದ್ದೆ."

"ಈಗಲೂ ಹೆದರ್ತಿದೀನಿ. ಹೆದರಿಕೊಂಡೇ ಇರ್ತೀನಿ. ನಿಜ ಹೇಳು."

ಅಕ್ಕ ಮೀನುಗಳನ್ನು ನೋಡಿದಳು.

"ಬೆಳಗ್ಗೆಯಿಂದ ಎದೆ ಬಿಗೀತಿದೆ ಕಣೋ" ಎಂದಳು. "ಕೊಟ್ಬಿಡೋಣ ಇವನ್ನ. ಇವತ್ತೇ."

ಅವನು ಇನ್‌ಹೇಲರ್ ತಂದುಕೊಟ್ಟ, ಸಾಕುಮೀನಿನ ಅಂಗಡಿಗೆ ಫೋನ್ ಮಾಡಿದ, ಅವಳನ್ನು ತೆರೆದ ಕಿಟಕಿಯ ಬಳಿ ಕೂರಿಸಿ ಪಕ್ಕದಲ್ಲಿ ಕೂತ. ಅಕ್ಕ ಅವನ ಕೈಯನ್ನು ತೆಗೆದು ತನ್ನ ಬೆನ್ನ ಮೇಲೆ ಇಟ್ಟುಕೊಂಡಳು. ಆಮೇಲೆ, ಅಷ್ಟು ದಿನ ಅವನೆದುರು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಳು. ಎದೆಯ ಸುಂಯ್‌ ಸದ್ದು ಅವನಿಗೆ ಪೂರ್ತಿ ಕೇಳಿಸಿತು.