ಸಸ್ಪೆನ್ಷನ್ ಇದ್ದ ವರ

ಇವತ್ತು ಬೆಳಿಗ್ಗೆ ಬೀದರಿನ ಗಾಂಧಿ ಗಂಜಿನ ಹಿಂದಿನ ಗ್ಯಾರೇಜಿನಲ್ಲಿ ನನ್ನ ಜೀಪಿನ ಮುಂದಿನ ಗಾಲಿ ಬಿಚ್ಚಿದರು. ಹಳೆಯ ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಭಾಲ್ಕಿಯ ನನ್ನ ಭಾವನ ಮುಖ ಕಣ್ಣೆದುರು ಬಂತು. ಭಾವ ಗ್ರೀಸು ಮುಟ್ಟಿದವನಲ್ಲ. ತಹಸೀಲ್ ಕಚೇರಿಯ ನೌಕರಿ ಮುಗಿಸಿದರೂ ಮನೆಯವರ ಮಾತನ್ನು ಇನ್ನೂ ಅರ್ಜಿಯಂತೆ ಕೇಳುವವನು.

ನೀವು ಗಾಡಿ ಕೊಳ್ಳುವವರಿದ್ದರೆ ನನ್ನದೊಂದು ಮಾತು: ಬಣ್ಣ ನೋಡಬೇಡಿ, ಬಗ್ಗಿ ಕೆಳಗೆ ಸಸ್ಪೆನ್ಷನ್ ನೋಡಿ, ಅಂದರೆ ಗಾಲಿಗಳ ಕುಲುಕು ತಡೆಯುವ ಕಟ್ಟು. ನನ್ನ ಜೀಪಿನ ಮುಂದಿನ ಎರಡೂ ಗಾಲಿಗಳ ನಡುವೆ ಅಡ್ಡಲಾಗಿ ಒಂದೇ ಗಟ್ಟಿ ಆಕ್ಸಲ್. ಒಂದು ಗಾಲಿ ಕಲ್ಲು ಹತ್ತಿದರೆ ಇನ್ನೊಂದು ನೆಲವನ್ನು ಒತ್ತಿ ಹಿಡಿಯುತ್ತದೆ. ಮಳೆಗೆ ಎರೆಮಣ್ಣು ಅಂಟಾದಾಗ ಠಾಣಾ ಕುಶನೂರಿನ ಹೊಲದ ದಾರಿಗೆ ಅದೇ ಸೈ. ಡಾಂಬರು ರಸ್ತೆಯಲ್ಲಿ ಮಾತ್ರ ಕುಳಿತವರ ಹಲ್ಲು ಕಟಕಟ ಅನ್ನುತ್ತವೆ. ಜೀಪು ಮಾರುವ ಪ್ರಸಂಗ ಬಂದರೆ ಈ ಕೊನೆಯ ವಿಷಯ ನಾನು ಹೇಳುವುದಿಲ್ಲ.

ಭಾವನ ಮಗಳು ಸುನೀತಾಳಿಗೆ ಸಂತಪುರದ ವರ ನಿಶ್ಚಯವಾಗುವಂತಿದ್ದಾಗ, ಹುಡುಗನನ್ನು ತೂಗಿ ನೋಡಲು ನನ್ನನ್ನು ಕಳಿಸಿದರು. ಹುಡುಗ ಔರಾದಿನಲ್ಲಿ ಸರ್ಕಾರಿ ನೌಕರ. ಹೊಸ ಗಾಡಿಯ ಬಾನೆಟ್ ಸವರುತ್ತ, "ಮಾಮಾ, ಇದು ಇಂಡಿಪೆಂಡೆಂಟ್ ಸಸ್ಪೆನ್ಷನ್ ಅದರಿ. ಒಂದು ಗಾಲಿ ತಗ್ಗಿಗೆ ಬಿದ್ರ ಇನ್ನೊಂದಕ್ಕ ಗೊತ್ತೇ ಆಗಂಗಿಲ್ಲ" ಎಂದ. ಹೊಲದ ದಾರಿಯಲ್ಲಿ ಇಂಥ ಗಾಡಿಯ ಗಾಲಿ ಗಾಳಿಯಲ್ಲಿ ತಿರುಗುವುದನ್ನು ನಾನು ನೋಡಿದ್ದೆ. ಮೂಗು ಮುರಿದೆ.

ಭಾಲ್ಕಿಗೆ ಬಂದು ವರದಿ ಒಪ್ಪಿಸಿದೆ. "ಭಾವ, ಹುಡುಗ ಛಲೋ ಇದ್ದಾನ. ಸಸ್ಪೆನ್ಷನ್ ಒಂದು ನನಗ ಸೇರಲಿಲ್ಲ."

ಭಾವನ ಕೈಯಲ್ಲಿದ್ದ ಬಸಿಯಿಂದ ಚಹಾ ಚೆಲ್ಲಿತು. "ಯಾವಾಗ ಆಗ್ಯಾನ?"

"ಇಂಡಿಪೆಂಡೆಂಟ್ ಅದರಿ."

"ಅಂದ್ರ ವಿಚಾರಣಿನೂ ಬ್ಯಾರೆ ನಡದದ ಅನ್ನು. ಈ ಸಂಬಂಧ ಬ್ಯಾಡ."

ನೌಕರಿಯವರ ಮನೆಯಲ್ಲಿ ಸಸ್ಪೆನ್ಷನ್ ಅಂದರೆ ಅಮಾನತು, ಆ ಪದಕ್ಕೆ ಎರಡನೇ ಅರ್ಥವಿಲ್ಲ. ಹುಡುಗ ಆಗಲೇ ಮನಸ್ಸಿಗೆ ಬಂದಿದ್ದ ಸುನೀತಾ, ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಮುರಿಯುತ್ತಿದ್ದ ಸಂಬಂಧ ಉಳಿಸಲು ನಾನು ಮನುಷ್ಯರ ಭಾಷೆಗೆ ಇಳಿದೆ.

"ನೌಕರಿ ಅಲ್ಲರಿ, ಗಾಲಿ ಮಾತು. ನನ್ನ ಜೀಪು ಅಂದ್ರ ಕೂಡಿದ ಮನಿ. ಅವನ ಗಾಡಿ ಅಣ್ಣತಮ್ಮ ಬ್ಯಾರೆ ಆದಂಗ."

ಭಾವ ಎದ್ದೇ ನಿಂತ. "ಹುಡುಗ ಬ್ಯಾರೆ ಆಗ್ಯಾನ? ಇದು ಅದಕ್ಕಿಂತ ಕೆಟ್ಟದ್ದು."

"ಮಾಮಾ, ನೀವು ಇನ್ನ ತಿಳಿಸಿ ಹೇಳಬ್ಯಾಡ್ರಿ" ಎಂದು ಸುನೀತಾ ಹೊರಗೆ ಬಂದಳು. ಹುಡುಗನಿಗೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು. "ನೀವು ಮನ್ಯಾಗ ಬ್ಯಾರೆ ಆಗೀರೇನ್ರಿ?"

ಆ ಕಡೆ ಹುಡುಗ ತಡವರಿಸಿದ. "ಮನಿ ಒಂದೇ ಅದರಿ. ಒಲಿ ಎರಡು ಅವ. ಅಣ್ಣನ ಹೆಂಡ್ತಿ ವೈನಿದು ಒಂದು, ಅವ್ವಂದು ಒಂದು. ಹಬ್ಬಕ್ಕ ಎಲ್ಲರೂ ಕೂಡೇ ಉಣ್ತೇವಿ."

"ಹಂಗಿದ್ರ ನನಗ ಒಪ್ಪಿಗಿ ಅದ" ಎಂದಳು ಅಪ್ಪನ ಕಡೆ ತಿರುಗಿ. "ಒಬ್ಬರು ಜಿಗದ್ರ ಮನಿ ಎಲ್ಲಾ ಜಿಗಿಯೂದು ನನ್ನ ಕೈಲಿ ಆಗಂಗಿಲ್ಲ."

ಭಾವ ಕುಳಿತುಕೊಂಡ. "ನೌಕರಿ ಖರೇ ಅದ ಹೌದಲ್ಲೋ?" ಎಂದಷ್ಟೇ ನನ್ನನ್ನು ಕೇಳಿದ. ಮದುವೆ ಆಯಿತು.

ಗ್ಯಾರೇಜಿನವನು ಈಗ, "ಸಾಹುಕಾರ್ರೀ, ಇದನ್ನ ಕೊಟ್ಟು ಹೊಸಾದು ತಗೋರಿ" ಅನ್ನುತ್ತಿದ್ದಾನೆ. ಜೀಪು ಕೊಡುವುದಿಲ್ಲ, ಹೊಲದ ದಾರಿಗೆ ಅದು ಬೇಕು. ಆದರೆ ಬೀದರಿನ ನಮ್ಮ ಮನೆಯಲ್ಲಿ ಮೂವರು ಸೊಸೆಯರಿಗೆ ಒಂದೇ ಒಲೆ. ಒಬ್ಬಳು ಮುಖ ಊದಿಸಿದರೆ ಮನೆಮಂದಿಗೆಲ್ಲ ಚಹಾ ಬಂದ್. ಇವತ್ತೂ ಹಾಗೇ ಆಗಿತ್ತು. ಗಾಲಿ ಕೂಡಿಸುವಷ್ಟರಲ್ಲಿ ಹೋಗಿ, ಚೌಕಾಸಿ ಮಾಡಿ, ಗ್ಯಾಸಿನ ಒಲೆಯೊಂದನ್ನು ತಂದು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದಿದ್ದೇನೆ. ನನ್ನ ಜೀಪಿನಲ್ಲಿ ಕುಣಿದು ಕುಣಿದು ಮನೆ ಮುಟ್ಟುವಷ್ಟರಲ್ಲಿ ಆ ಒಲೆಯೇ ಎರಡಾಗದಿದ್ದರೆ ಸಾಕು.