ಎರಡು ಊರಿನ ಒಂದು ಕಂಬಳಿ

ಚಳ್ಳಕೆರೆಗೂ ಹೊರದೇಶದ ಒಂದು ಚಳಿಯೂರಿಗೂ 'ಸೋದರಿ ನಗರ' ಎಂಬ ನಂಟು ಬೆಳೆಸುವ ಮಾತು ನಡೆದಿತ್ತು. ಅಲ್ಲೂ ಕುರಿ, ಅಲ್ಲೂ ಉಣ್ಣೆ. ಸುದ್ದಿ ಹೇಳಿದರೆ, ನಮ್ಮ ಮನೆ ಒಡತಿ ಅಜ್ಜಿ ಕೇಳಿದ್ದು ಒಂದೇ. "ಅದ್ಸರಿ, ನಮ್ಮೂರು ಅಕ್ಕನಾ, ತಂಗಿನಾ?" ನನಗೆ ಗೊತ್ತಿರಲಿಲ್ಲ. ಮಾತುಕತೆ ನಡೆಸುತ್ತಿದ್ದವರಿಗೂ ಹೊಳೆದಿರಲಿಕ್ಕಿಲ್ಲ.

ನಾನು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯವಳು. ಚಳ್ಳಕೆರೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತ, ಕಂಬಳಿ ನೇಯುವ ಈ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದೇನೆ. ನಮ್ಮ ಮನೆಯಲ್ಲಿ ರೇಷ್ಮೆ ಎಳೆಯನ್ನು ಕೂಸಿನ ಹಾಗೆ ಮುಟ್ಟುತ್ತಾರೆ. ಇಲ್ಲಿ ಅಜ್ಜಿ ಉಣ್ಣೆ ನೂಲಿಗೆ ಹುಣಸೆ ಬೀಜದ ಗಂಜಿಯನ್ನು ಗಸಗಸ ತಿಕ್ಕುತ್ತಾಳೆ. ಮೊದಮೊದಲು ಆ ವಾಸನೆಗೆ ಮೂಗು ಮುಚ್ಚಿಕೊಂಡವಳು, ಆಮೇಲೆ ಕುತೂಹಲ ತಡೆಯದೆ ಮಗ್ಗದ ಪಕ್ಕದಲ್ಲೇ ಬೀಡುಬಿಟ್ಟೆ. ಅಜ್ಜಿಯ ಮಗ್ಗ ಕಿರಿದು. ಎರಡು ಪಟ್ಟಿ ನೇಯ್ದು ನಡುವೆ ಹೊಲಿದರೆ ಒಂದು ಕಂಬಳಿ.

"ಒಂದು ಪಟ್ಟಿ ನಂದು, ಒಂದು ಪಟ್ಟಿ ಆ ಊರೋರ್ದು. ಸೇರ್ಸಿ ಹೊಲಿದ್ರೆ ಹೆಂಗಿರ್ತೈತೆ ನೋಡ್ಬೇಕು ಕಣಮ್ಮ. ಕಣ್ಣು ಮಂಜಾಗ್ತಾ ಐತೆ. ನೀನೇ ಇಂಗ್ಲಿಷ್ನಾಗೆ ಕೇಳು" ಎಂದಳು. ನಂಟಿನ ಮಾತುಕತೆಗೆಂದು ಆ ಊರಿನಿಂದ ಬರಲಿದ್ದವರಲ್ಲಿ ಒಬ್ಬ ನೇಕಾರ ಹೆಂಗಸೂ ಇದ್ದಳು.

ಆಕೆ ಮನೆಗೆ ಬಂದಳು. ತಾನೇ ನೇಯ್ದ ನೀಲಿ ಕಂಬಳಿಯೊಂದನ್ನು ಅಜ್ಜಿಯ ಕೈಗಿತ್ತಳು. ಅಜ್ಜಿಗೆ ಹಿಗ್ಗೋ ಹಿಗ್ಗು. ಅದನ್ನು ನಾಲ್ಕು ಮಡಿಕೆ ಮಾಡಿ ದೇವರ ಮುಂದೆ ನೆಲಕ್ಕೆ ಹಾಸಿ, ಅರಿಶಿನ ಚಿಮುಕಿಸಿ, "ಕೂತ್ಕೊಳ್ರಿ" ಎಂದಳು. ಕಂಬಳಿ ಗದ್ದುಗೆ ಹಾಸಿ ಕೂರಿಸುವುದಕ್ಕಿಂತ ದೊಡ್ಡ ಮರ್ಯಾದೆ ಈ ಮನೆಯಲ್ಲಿಲ್ಲ. ಆದರೆ ಬಂದಾಕೆಯ ಮುಖ ಕಪ್ಪಿಟ್ಟಿತು. ತಲೆನೋವೆಂದು ಹೇಳಿ, ನೀರೂ ಮುಟ್ಟದೆ ಹೊರಟುಬಿಟ್ಟಳು. ಪಟ್ಟಿಯ ಮಾತು ನನ್ನ ಬಾಯಲ್ಲೇ ಉಳಿಯಿತು.

"ನಮ್ಮನೆ ಸೇರ್ಲಿಲ್ಲ ಆಯಮ್ಮಂಗೆ" ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಕೂತಳು. ನನಗೂ ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗಿಂತ ನನ್ನ ಕುತೂಹಲ ಜೋರು. ಸಂಜೆ ಆಕೆ ಇಳಿದುಕೊಂಡಿದ್ದಲ್ಲಿಗೇ ಹೋಗಿ ನೇರವಾಗಿ ಕೇಳಿದೆ.

"ಚಳಿಗಾಲವಿಡೀ ಕೂತು ನೇಯ್ದದ್ದು. ನೆಲಕ್ಕೆ ಹಾಕಿ, ಮೇಲೆ ಬಣ್ಣದ ಪುಡಿ ಎರಚಿದರು" ಎಂದಳು. ಅವರ ಊರಲ್ಲಿ ನೆಲಕ್ಕೆ ಹಾಕುವುದು ಕಾಲೊರೆಸುವ ಬಟ್ಟೆಯನ್ನು ಮಾತ್ರವಂತೆ. ನಾನು ನಕ್ಕುಬಿಟ್ಟೆ. ಗದ್ದುಗೆಯೆಂದರೇನು, ದೇವರನ್ನು ಕೂರಿಸುವುದೂ ಕಂಬಳಿಯ ಮೇಲೆಯೇ ಎಂದೆಲ್ಲ ಬಿಡಿಸಿ ಹೇಳಿದೆ. ಆಕೆ ಬಾಯಿಬಿಟ್ಟುಕೊಂಡು ಕೇಳಿದಳು.

ಮರುದಿನ ಮೊಳಕಾಲ್ಮೂರಿನ ಮಗ್ಗಗಳನ್ನು ನೋಡಲು ಹೊರಟವಳು ಮೊದಲು ನಮ್ಮಲ್ಲಿಗೇ ಬಂದಳು. ಅಜ್ಜಿ ಹಟಕ್ಕೆ ಬಿದ್ದು ಗದ್ದುಗೆಯನ್ನು ಎತ್ತಿರಲಿಲ್ಲ. ಆಕೆ ಬಾಗಿಲಲ್ಲೇ ಶೂ ಬಿಚ್ಚಿ, ಸೀದಾ ಒಳಗೆ ನಡೆದು ಅದರ ಮೇಲೆ ಕೂತಳು. ಅಜ್ಜಿಯ ಕೈಯಿಂದ ಬೆಲ್ಲ ಕೊಬ್ಬರಿ ಬಂತು. ನಾನು ಪಟ್ಟಿಯ ಮಾತೆತ್ತಿದೆ. ಆಕೆ ಎದ್ದು ಮಗ್ಗದ ಅಗಲವನ್ನು ಗೇಣಿನಲ್ಲಿ ಅಳೆದಳು, ಹುಣಸೆ ಗಂಜಿಯನ್ನು ನಾಲಿಗೆಗೆ ಹಚ್ಚಿ ಮುಖ ಕಿವುಚಿದಳು, ಆಗಲಿ ಎಂದು ತಲೆಯಾಡಿಸಿದಳು.

ತಿಂಗಳುಗಳು ಕಳೆದವು. ಮರೆತಳೇನೋ ಎಂದು ಅಜ್ಜಿ ಪೋಸ್ಟಿನವನನ್ನು ಕಂಡಾಗಲೆಲ್ಲ ಗೊಣಗುತ್ತಿದ್ದಳು. ಕಡೆಗೂ ಪಾರ್ಸೆಲ್ ಬಂತು: ಮೋಡದ ಬಣ್ಣದ ಮೆತ್ತನೆಯ ಪಟ್ಟಿ. ಅಜ್ಜಿ ತನ್ನ ಒರಟು ಕರಿ ಪಟ್ಟಿಯನ್ನು ಜೊತೆಗಿಟ್ಟು, ಬಾಗಿಲ ಬೆಳಕಿನಲ್ಲಿ ಕೂತು ಹೊಲಿಯತೊಡಗಿದಳು. ನನಗೆ ಎಷ್ಟು ನೋಡಿದರೂ ಸಾಲದು. ಹೊಲಿದು ಮುಗಿಸಿ ಮಡಿಸುವಾಗ ಗಮನಿಸಿದೆ, ತುದಿಯಲ್ಲಿ ಒಂದು ಗೇಣು ಬಾಯಿ ತೆರೆದೇ ಇತ್ತು. ಪಾಪ, ಕಣ್ಣಿಗೆ ಕಂಡಿಲ್ಲ ಎಂದುಕೊಂಡೆ.

"ಅಜ್ಜಿ, ಇಲ್ಲಿ ಬಿಟ್ಟು ಹೋಗೈತೆ. ಕೊಡ್ರಿ, ನಾನು ಹೊಲೀತೀನಿ."

ಅಜ್ಜಿ ಕಂಬಳಿಯನ್ನು ಎದೆಗೆಳೆದುಕೊಂಡಳು.

"ಬಿಟ್ಟು ಹೋಗಿಲ್ಲ, ನಾನೇ ಬಿಟ್ಟಿದೀನಿ. ಅಷ್ಟನ್ನ ಆಯಮ್ಮನೇ ಬಂದು ಹೊಲೀಲಿ. ಅಕ್ಕನ ಕಣ್ಣು ಮಂಜಾಗ್ತಾ ಐತೆ, ಬೇಗ ಬಾ ಅಂತ ಬರಿ."