ಕುಸ್ತಿಯೂ ಕಾಫಿಯ ಬಣ್ಣವೂ

ನಮ್ಮ ಮನೆಯ ಬೆಳಗಿನ ಕಾಫಿ ತೆಳ್ಳಗಾಯಿತೆಂದರೆ ಕುಸ್ತಿಯ ದಿನ ಗೊತ್ತಾಗಿದೆ ಎಂದೂ, ಗಟ್ಟಿಯಾಯಿತೆಂದರೆ ಅದು ಮತ್ತೆ ಮುಂದಕ್ಕೆ ಹೋಗಿದೆ ಎಂದೂ ತಿಳಿಯಬೇಕು. ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿ, ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದ ನಾನು ಸ್ವಂತ ಬುದ್ಧಿಯಿಂದ ಕಂಡುಹಿಡಿದ ಸಿದ್ಧಾಂತ ಇದೊಂದೇ. ನಾಲ್ಕು ವರ್ಷಗಳಲ್ಲಿ ಅದು ಒಮ್ಮೆಯೂ ಸುಳ್ಳಾಗಲಿಲ್ಲ.

ಕಾರಣ ಸರಳವಾಗಿದೆ. ನಮಗೆ ದಿನವೂ ವರ್ತನೆ ಹಾಲು ಹಾಕುವ ಕರಿಯಮ್ಮನ ಮಗಳು ಗೌರಿಗೂ ಊರಿನ ಪೈಲ್ವಾನ್ ನಂಜಪ್ಪನಿಗೂ ಮದುವೆ ನಿಶ್ಚಯವಾಗಿತ್ತು. ಕುಸ್ತಿಗೆ ದಿನ ಗೊತ್ತಾದ ಕೂಡಲೇ ಕರಿಯಮ್ಮನ ಎಮ್ಮೆಗಳ ಗಟ್ಟಿ ಹಾಲೆಲ್ಲ ಭಾವೀ ಅಳಿಯನ ಪಾಲಾಗುತ್ತಿತ್ತು. ನಮ್ಮಂಥವರ ಪಾಲಿನ ಕೊರತೆಯನ್ನು ಬಾವಿ ಉದಾರವಾಗಿ ತುಂಬಿಕೊಡುತ್ತಿತ್ತು.

“ಇದೇನೇ ಕರಿಯಮ್ಮ, ಹಾಲಿನೊಳಗೆ ತಂಬಿಗೆಯ ತಳ ಕಾಣ್ತಿದೆಯಲ್ಲೇ!” ಎಂದು ನನ್ನ ಸೋದರತ್ತೆ ಗದರುವರು.

“ಇನ್ನೊಂದ್ ತಿಂಗ್ಳು ತಡ್ಕಳ್ರವ್ವ. ಶಿರಾದೋನು ಸುಮ್ನೆ ಬೀಳ್ತಾನಾ? ಊರ್ ಮಾನ ಕಣ್ರವ್ವ ಇದು.”

“ಊರಿನ ಮಾನಕ್ಕೆ ನಮ್ಮ ಮನೆ ಕಾಫಿನೇ ಆಗಬೇಕೇನೇ?”

ಶಿರಾದವನು ಎಂದರೆ ಇಮಾಮ್ ಸಾಹೇಬ. ಸುತ್ತಿನ ತಾಲ್ಲೂಕುಗಳಲ್ಲಿ ಅವನ ಬೆನ್ನು ಮಣ್ಣು ಮುಟ್ಟಿಸಿದವರಿರಲಿಲ್ಲ. ನಂಜಪ್ಪನ ಬೆನ್ನನ್ನು ಮುಟ್ಟಿಸಿದವರೂ ಇರಲಿಲ್ಲ. ಇಬ್ಬರೂ ಎದುರಾಗಬೇಕೆಂದು ಎರಡೂ ಊರುಗಳು ಕಾದವು. ಮೊದಲ ವರ್ಷ ಪ್ಲೇಗು ಬಂದು ಜನರೆಲ್ಲ ಊರ ಹೊರಗಿನ ಗುಡಿಸಲುಗಳಿಗೆ ಓಡಿದರು. ಎರಡನೆಯ ವರ್ಷ ಇಮಾಮ್ ಸಾಹೇಬನ ಬೆನ್ನಿನ ಮೇಲೆ ಕುರುವೆದ್ದಿತು. ಮೂರನೆಯ ವರ್ಷ ಮಳೆ. ಪ್ರತಿ ಸಲ ಡಂಗುರ, ಪ್ರತಿ ಸಲ ನೀರು ಕಾಫಿ. ನಿಜ ಹೇಳಬೇಕೆಂದರೆ, ಊರಿನವರಿಗೆ ಈ ಕಾಯುವಿಕೆಯೇ ಒಂದು ಸುಖವಾಗಿಬಿಟ್ಟಿತ್ತು. ಕ್ಷೌರದ ಕಟ್ಟೆಯಲ್ಲಿ, ಅಂಚೆ ಕಚೇರಿಯ ಜಗಲಿಯಲ್ಲಿ ಆ ಕುಸ್ತಿ ದಿನವೂ ನಡೆಯುತ್ತಿತ್ತು, ಮತ್ತು ದಿನವೂ ನಂಜಪ್ಪನೇ ಗೆಲ್ಲುತ್ತಿದ್ದ. ನಾನೂ ಬೇರೆಯವಳೇನಲ್ಲ. ಶಾಲೆಗೆ ನೇರದಾರಿ ಇರುವಾಗ ಗರಡಿಮನೆಯ ಹಿಂಬದಿಯ ಓಣಿಯನ್ನು ನಾನು ಯಾಕೆ ಹಿಡಿಯುತ್ತಿದ್ದೆನೆಂದು ಯಾರೂ ಕೇಳಲಿಲ್ಲವಾಗಿ ನಾನೂ ಹೇಳಲಿಲ್ಲ. ಗೋಡೆಯಾಚೆ ತೊಡೆ ತಟ್ಟುವ ಸದ್ದು ಕೇಳಿದರೆ, ಕೊಡೆ ಹಿಡಿದು ತಲೆ ತಗ್ಗಿಸಿ ಹೋಗುವ ಈ ಪದವೀಧರೆಯ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು.

ಊರಿಗೆ ಹಬ್ಬವಾಗಿದ್ದ ಈ ನಿರೀಕ್ಷೆ ಗೌರಿಯ ಪಾಲಿಗೆ ಉಪವಾಸವಾಗಿತ್ತು. ಒಪ್ಪುವೀಳ್ಯದ ದಿನವೇ ನಂಜಪ್ಪನ ಗುರುಗಳಾದ ವಸ್ತಾದರು ಅಪ್ಪಣೆ ಮಾಡಿದ್ದರು: ಶಿರಾದವನ ಎದುರು ಅಖಾಡಕ್ಕೆ ಇಳಿದು ಬರುವವರೆಗೆ ನಂಜಪ್ಪ ತಾಳಿ ಕಟ್ಟುವಂತಿಲ್ಲ. ಬ್ರಹ್ಮಚರ್ಯವನ್ನು ಆಚರಿಸಿದವನು ನಂಜಪ್ಪ; ಅದರ ಫಲವನ್ನು ಉಂಡವಳು ಗೌರಿ. ಅವಳ ಓರಗೆಯ ಹುಡುಗಿಯರು ಕಂಕುಳಲ್ಲಿ ಮಕ್ಕಳನ್ನು ಹೊತ್ತು ಅವಳನ್ನು ಮಾತಾಡಿಸತೊಡಗಿದ್ದರು.

ನಾಲ್ಕನೆಯ ವರ್ಷ ಪ್ಲೇಗು, ಕುರು, ಮಳೆ ಯಾವುದೂ ಇರಲಿಲ್ಲ. ನಡುದಾರಿಯ ಬಡವನಹಳ್ಳಿಯಲ್ಲಿ ಕುಸ್ತಿ ಎಂದು ಒಪ್ಪಂದವೂ ಆಯಿತು. ಆದರೆ ಅಖಾಡಕ್ಕೆ ಹಾಕುವ ಮಣ್ಣು ಯಾವ ಗರಡಿಯದು? ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿ ವರ್ಷಗಟ್ಟಲೆ ಹದಮಾಡಿದ ಕೆಮ್ಮಣ್ಣು ಗರಡಿಯವರಿಗೆ ದೇವರ ಸಮಾನ. ನಮ್ಮ ಮಣ್ಣೇ ಆಗಬೇಕೆಂದು ನಮ್ಮ ವಸ್ತಾದರು ಪಟ್ಟು ಹಿಡಿದರು; ತಮ್ಮದೇ ಆಗಬೇಕೆಂದು ಶಿರಾದ ವಸ್ತಾದರು ಪಟ್ಟು ಹಿಡಿದರು. ಇಬ್ಬರೂ ನಿಜವಾದ ಕುಸ್ತಿಪಟುಗಳಾದ್ದರಿಂದ ಹಿಡಿದ ಪಟ್ಟು ಬಿಡಲಿಲ್ಲ. ನಮ್ಮ ಕಾಫಿ ಪುನಃ ಗಟ್ಟಿಯಾಯಿತು.

ಆ ಗಟ್ಟಿ ಹಾಲನ್ನು ತಂದವಳು ಗೌರಿ. ಅತ್ತೆ ಒಳಗಿದ್ದುದನ್ನು ನೋಡಿಕೊಂಡು ತಂಬಿಗೆ ಕೆಳಗಿಟ್ಟಳು.

“ಅಮ್ಮಣ್ಣಿ, ನಮ್ಮ ಸೋದ್ರಮಾವ ಈ ತಿಂಗ್ಳು ಮುಗಿಯಾವರ್ಗೂ ನೋಡ್ತೀನಿ ಅಂದವ್ನೆ. ಆಮ್ಯಾಕೆ ಹೊಸಕೋಟೆ ಕಡೆ ಕಡ್ಲೇಕಾಯಿ ಯಾಪಾರದೋನಿಗೆ ಕೊಡ್ತಾನಂತೆ. ಎರಡ್ನೇ ಸಂಬಂಧ. ಆವಯ್ಯ ತೆಲುಗ್ನಾಗೆ ಬೈದ್ರೆ ನಂಗೆ ತಿಳಿಯಾಕಿಲ್ಲ, ಅದೊಂದೇ ಸುಕ.”

ನಗಬೇಕೆಂದು ಹೇಳಿದ ಮಾತು. ಹೇಳಿದವಳ ಕಣ್ಣು ತುಂಬಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಮುಂದುವರಿಸಿದಳು: “ಇಲ್ಲಿ ಮಣ್ಣಿಗೆ ಮಜ್ಜಿಗೆ ಹುಯ್ದಿದ್ದು ನಮ್ಮವ್ವ. ಅಲ್ಲಿ ಇನ್ಯಾರೋ ಒಬ್ರವ್ವ. ಅರ್ಧ ಅದು, ಅರ್ಧ ಇದು ಕಲಸಿದ್ರೆ ಈ ಮುದುಕ್ರ ಗಂಟೇನ್ ಹೋಯ್ತದೆ? ನೀವು ಒಂದ್ ಕಾಗ್ದ ಬರ್ದ್ಕೊಡಿ.”

ಓದುಗರೇ, ಹೆಸರಿಲ್ಲದ ಪತ್ರ ಬರೆಯುವುದು ಹೀನ ಕೆಲಸವೆಂದು ತರಗತಿಯಲ್ಲಿ ನಾನೇ ಬೋಧಿಸಿದ್ದೇನೆ. ಆದರೂ ಆ ಸಂಜೆ, ಗಂಡಸರ ಬರಹದಂತೆ ಕಾಣಲೆಂದು ದಪ್ಪ ನಿಬ್ಬು ಹಾಕಿ, ಒಂದೇ ಒಕ್ಕಣೆಯ ಎರಡು ಕಾಗದ ಬರೆದೆ: ‘ಎರಡೂ ಗರಡಿಗಳ ಮಣ್ಣನ್ನು ಸಮಭಾಗವಾಗಿ ಬೆರೆಸುವುದಕ್ಕೆ ತಮ್ಮ ಆಕ್ಷೇಪಣೆ ಉಂಟೆ?’ ಅಷ್ಟೆ. ಅದರಲ್ಲಿ ಸುಳ್ಳಿನ ಒಂದಕ್ಷರವಿರಲಿಲ್ಲ ಎಂಬುದು ಇಂದಿಗೂ ನನಗೆ ಸಮಾಧಾನ. ಶಿರಾದ ವಸ್ತಾದರ ಕಾಗದವನ್ನು ಮಧುಗಿರಿಯ ಅಂಚೆ ಡಬ್ಬಿಗೆ ಹಾಕಿದೆ. ನಮ್ಮ ವಸ್ತಾದರ ಕಾಗದವನ್ನು ಮಾತ್ರ, ಶಿರಾ ಸಂತೆಗೆ ಬೆಣ್ಣೆ ಒಯ್ಯುವ ಕರಿಯಮ್ಮನ ಬುಟ್ಟಿಯಲ್ಲಿಟ್ಟು, ಶಿರಾದ ಅಂಚೆ ಮುದ್ರೆ ಬೀಳಲೆಂದು ಅಲ್ಲಿಯ ಡಬ್ಬಿಗೆ ಹಾಕುವಂತೆ ಹೇಳಿ ಕಳಿಸಿದೆ. ಇಲ್ಲಿ ನನ್ನ ಸತ್ಯನಿಷ್ಠೆ ಸ್ವಲ್ಪ ಜಾರಿತೆಂದು ಒಪ್ಪುತ್ತೇನೆ.

ನಾಲ್ಕೇ ದಿನಗಳಲ್ಲಿ ಓಣಿಯ ಗೋಡೆಯಾಚೆಯಿಂದ ನಮ್ಮ ವಸ್ತಾದರ ಗಂಟಲು ಕೇಳಿಸಿತು. “ನೋಡ್ರಲಾ, ಶಿರಾದೋರೇ ಬಗ್ಗವ್ರೆ! ಪಾಪ, ಹೆಸ್ರು ಹಾಕಾಕೆ ನಾಚ್ಕೆ ಕಣ್ಲಾ. ಹೋಗ್ಲಿ, ನಾವು ದೊಡ್ಡೋರಾಗಣ. ಕಲಸ್ಲಿ ಬುಡು!” ಇದೇ ಹೊತ್ತಿಗೆ ಶಿರಾದಲ್ಲಿಯೂ, ಮಧುಗಿರಿಯವರೇ ಸೋತು ಬರೆದಿದ್ದಾರೆಂದು ಅಲ್ಲಿಯ ವಸ್ತಾದರು ದೊಡ್ಡ ಮನಸ್ಸು ಮಾಡಿದ್ದರಂತೆ. ಎದುರಾಳಿ ಬಗ್ಗಿದನೆಂದು ತಿಳಿದ ಮೇಲೆ ಮನುಷ್ಯ ಎಷ್ಟು ಉದಾರಿಯಾಗಬಲ್ಲ!

ಕುಸ್ತಿಯ ದಿನ ಗಂಡಸರೆಲ್ಲ ಗಾಡಿ ಕಟ್ಟಿಕೊಂಡು ಬಡವನಹಳ್ಳಿಗೆ ಹೋದರು. ಹೆಂಗಸರು ನೋಡುವ ಆಟವಲ್ಲವಾದ್ದರಿಂದ ನಾನು ಮನೆಯಲ್ಲಿ ಮಕ್ಕಳ ಗಣಿತದ ಪುಸ್ತಕಗಳನ್ನು ತಿದ್ದುತ್ತ ಕುಳಿತೆ. ಸರಿಯಾಗಿದ್ದ ಮೂರು ಲೆಕ್ಕಗಳಿಗೆ ತಪ್ಪು ಗುರುತು ಹಾಕಿದೆ. ನಾಲ್ಕು ವರ್ಷ ಕಾದದ್ದಕ್ಕಿಂತ ಆ ಒಂದು ಮಧ್ಯಾಹ್ನವೇ ಉದ್ದವಾಯಿತು.

ಮರುದಿನ ಬೆಳಿಗ್ಗೆ ಗೌರಿ ಬಾಗಿಲಲ್ಲಿ ನಿಂತು, “ಮುಗೀತು ಕಣಮ್ಮಣ್ಣಿ! ಬರೋ ಸೋಮವಾರವೇ ಲಗ್ನ!” ಎಂದಳು.

ಎಂದೂ ಯಾರನ್ನೂ ಏನನ್ನೂ ಮೊದಲಾಗಿ ಕೇಳದ ನಾನು ಹೊಸ್ತಿಲು ದಾಟಿ ಬಂದು, “ಗೆದ್ದವರು ಯಾರೇ?” ಎಂದೆ.

ಗೌರಿ ಕಣ್ಣರಳಿಸಿ ನನ್ನನ್ನೇ ನೋಡಿದಳು. “ಅಯ್ಯೋ! ಅದ್ನ ಕೇಳೇ ಇಲ್ಲ ಕಣಮ್ಮಣ್ಣಿ.”

ಸಮಸಮ ಎಂದು ತೀರ್ಪಾಗಿತ್ತೆಂಬುದು ಆಮೇಲೆ ಅಂಚೆಯವನಿಂದ ತಿಳಿಯಿತು. ಎರಡನೆಯ ಕುಸ್ತಿಗೆ ಈಗಾಗಲೇ ಮಾತುಕತೆ ನಡೆದಿದೆಯಂತೆ. ಊರಿನವರು ಬಹಳ ಸಂತೋಷದಲ್ಲಿದ್ದರು.

ಅಂದಿನ ಕಾಫಿಯ ವಿಷಯ ಹೇಳುವುದು ಉಳಿಯಿತು. ಕುಸ್ತಿ ಮುಗಿದಿತ್ತಾದ್ದರಿಂದ ನನ್ನ ಸಿದ್ಧಾಂತದ ಪ್ರಕಾರ ಅದು ಗಟ್ಟಿಯಾಗಿರಬೇಕಿತ್ತು. ಆದರೆ ಗಟ್ಟಿ ಹಾಲೆಲ್ಲ ಮದುವೆಯ ತುಪ್ಪಕ್ಕೆ ಹೆಪ್ಪಾಗಿತ್ತು. ಅಷ್ಟು ನೀರಾದ ಕಾಫಿಯನ್ನು ನಾನು ಅದುವರೆಗೆ ಕುಡಿದಿರಲಿಲ್ಲ. ಅತ್ತೆ ಗೊಣಗುತ್ತಿದ್ದಂತೆಯೇ ಇನ್ನೊಂದು ಲೋಟ ಕೇಳಿ ಕುಡಿದೆ.